ಮರಳಿ ಬರುವ ಖಿನ್ನತೆ: ಒಂದು ಚಿಕಿತ್ಸೆ ರೂಪುಗೊಂಡ ಬಗೆ

ಮುರಿದ ಮೂಳೆ ಕೂಡಿಕೊಂಡರೆ ಅಲ್ಲಿಗೆ ಮುಗಿಯಿತು ಎನ್ನುತ್ತೇವೆ. ಖಿನ್ನತೆ ಹಾಗಲ್ಲ. ಒಮ್ಮೆ ಬಂದು ವಾಸಿಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಮರುಕಳಿಸುತ್ತದೆ. ಪ್ರತಿ ಸಲ ಬಂದುಹೋದಾಗಲೂ ಮುಂದಿನ ಸಲದ ಸಂಭವ ಹೆಚ್ಚುತ್ತದೆ. ಗುಣವಾದವರನ್ನು ನೋಡಿ, ಎಲ್ಲರಂತೆಯೇ ಇರುತ್ತಾರೆ. ಹಾಗಾದರೆ ರೋಗ ಮರಳುವ ದಾರಿ ಎಲ್ಲಿ ಅಡಗಿದೆ?

1992ರಲ್ಲಿ ಈ ಪ್ರಶ್ನೆ ಹಿಡಿದು ಮೂವರು ಮನೋವಿಜ್ಞಾನಿಗಳು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಲೆತರು: ಟೊರಾಂಟೊದ ಝಿಂಡೆಲ್ ಸೀಗಲ್, ವೇಲ್ಸ್‌ನ ಬ್ಯಾಂಗರ್‌ನಲ್ಲಿದ್ದ ಮಾರ್ಕ್ ವಿಲಿಯಮ್ಸ್, ಕೇಂಬ್ರಿಜ್‌ನವರೇ ಆದ ಜಾನ್ ಟೀಸ್‌ಡೇಲ್. ಏರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಸಂಜ್ಞಾನಾತ್ಮಕ ಚಿಕಿತ್ಸೆಯನ್ನು ಗುಣವಾದವರಿಗೂ ಒಗ್ಗುವಂತೆ ಮಾಡುವುದಷ್ಟೇ ಮೊದಲಿನ ಉದ್ದೇಶವಾಗಿತ್ತು.

ಟೀಸ್‌ಡೇಲ್ ಅವರ ಹಳೆಯ ಪ್ರಯೋಗಗಳು ಇಲ್ಲಿ ನೆರವಿಗೆ ಬಂದವು. ಮನಸ್ಸು ಮಂಕಾದಾಗ ನೆನಪಿಗೆ ಬರುವುದೂ ಬೇಸರದ ಸಂಗತಿಗಳೇ. ಖಿನ್ನತೆ ಅನುಭವಿಸಿದವರಲ್ಲಿ ಸಣ್ಣ ಬೇಸರವೂ 'ನಾನು ಕೈಲಾಗದವನು' ಎಂಬ ಹಳೆಯ ಯೋಚನಾಸರಣಿಯನ್ನು ಎಬ್ಬಿಸುತ್ತದೆ. ಹೊಲದಲ್ಲಿ ಮಳೆನೀರು ಕೊರೆದ ಕೊರಕಲನ್ನು ನೆನೆಸಿಕೊಳ್ಳಿ. ಪ್ರತಿ ಮಳೆಗೂ ಅದು ಆಳವಾಗುತ್ತದೆ, ಆಮೇಲೆ ತುಂತುರು ಬಿದ್ದರೂ ನೀರು ಅಲ್ಲೇ ಹರಿಯುತ್ತದೆ. ಹಾಗಿದ್ದರೆ ಯೋಚನೆಯ ಜೊತೆ ವಾದಿಸುವುದಕ್ಕಿಂತ, ಅದು ಬಂದು ಹೋಗುವ ಯೋಚನೆ ಮಾತ್ರ ಎಂದು ಗುರುತಿಸಲು ಕಲಿಸಿದರೆ?

ಅಂಥ ತರಬೇತಿ ಅಮೆರಿಕದಲ್ಲಿತ್ತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಝಿನ್ 1979ರಿಂದ, ಬೌದ್ಧ ಧ್ಯಾನದಿಂದ ಪಡೆದ ಮೈಂಡ್‌ಫುಲ್‌ನೆಸ್ ಅಭ್ಯಾಸವನ್ನು ದೀರ್ಘಕಾಲದ ನೋವಿನ ರೋಗಿಗಳಿಗೆ ಕಲಿಸುತ್ತಿದ್ದರು. ನಾವು ಇದನ್ನು ಸಾವಧಾನ ಎನ್ನಬಹುದು. ಸಾವಧಾನವೆಂದರೆ ನಿಧಾನ ಮಾತ್ರವಲ್ಲ, ಅವಧಾನದಿಂದ ಕೂಡಿದ್ದು ಎಂಬ ಅರ್ಥವೂ ಇದೆಯಷ್ಟೆ.

ಮೂವರೂ ಮೊದಲು ಅದರ ಒಂದು ತುಣುಕನ್ನಷ್ಟೇ ತೆಗೆದುಕೊಂಡು 'ಅವಧಾನ ನಿಯಂತ್ರಣ ತರಬೇತಿ' ಎಂದು ಹೆಸರಿಟ್ಟರು. ಅದು ಸಾಲಲಿಲ್ಲ. ರೋಗಿಗಳು ತೀವ್ರ ದುಃಖವನ್ನು ತೋಡಿಕೊಂಡಾಗ ಇವರು ಮತ್ತೆ ಅದನ್ನು ಸರಿಪಡಿಸಲು ಹೊರಡುತ್ತಿದ್ದರು. ಮರಳಿ ಅಮೆರಿಕಕ್ಕೆ ಹೋಗಿ ನೋಡಿದರೆ, ಅಲ್ಲಿನ ಶಿಕ್ಷಕರು ದುಃಖವನ್ನು ಓಡಿಸದೆ ಅದರೊಂದಿಗೆ ಇರಲು ಕಲಿಸುತ್ತಿದ್ದರು. ತಾವು ಅಭ್ಯಾಸ ಮಾಡದೆ ಇದನ್ನು ಕಲಿಸಲಾಗದು ಎಂದು ಮೂವರಿಗೂ ಮನವರಿಕೆಯಾಯಿತು. ತಮ್ಮ ಯೋಜನೆಯನ್ನೇ ಬದಲಿಸಿದ ಈ ಘಟ್ಟ ನನಗೆ ಇಡೀ ಕಥೆಯಲ್ಲಿ ಹೆಚ್ಚು ಮೆಚ್ಚಿಗೆಯಾಗಿದೆ.

ಹೀಗೆ ಎಂಟು ವಾರಗಳ ತರಗತಿ ಸಿದ್ಧವಾಯಿತು. ಮೊದಲ ಪಾಠ, ಒಂದು ಒಣದ್ರಾಕ್ಷಿಯನ್ನು ಹೊರಳಿಸಿ ನೋಡಿ, ಮೂಸಿ, ನಿಧಾನವಾಗಿ ತಿನ್ನುವುದು! ಮುಂದೆ ಉಸಿರು, ಮೈ, ಯೋಚನೆಗಳತ್ತ ಗಮನ, ಮನೆಯಲ್ಲಿಯೂ ಅಭ್ಯಾಸ.

2000ದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 145 ಮಂದಿ ಇದ್ದರು, ಎಲ್ಲರೂ ಆಗ ಗುಣವಾಗಿದ್ದವರು. ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾಗಿದ್ದವರ ಪೈಕಿ, ಎಂದಿನ ಆರೈಕೆ ಮಾತ್ರ ಪಡೆದವರಲ್ಲಿ ಶೇ. 66, ತರಗತಿಗೂ ಬಂದವರಲ್ಲಿ ಶೇ. 37 ಮಂದಿಗೆ 60 ವಾರಗಳೊಳಗೆ ಅದು ಮರುಕಳಿಸಿತು. ಎರಡೇ ಸಲ ಅನುಭವಿಸಿದವರಿಗೆ ಮಾತ್ರ ಪ್ರಯೋಜನ ಕಾಣಲಿಲ್ಲ. 2004ರ ಚಿಕ್ಕ ಪರೀಕ್ಷೆಯಲ್ಲಿಯೂ ಇದೇ ಭೇದ ಕಂಡಿತು. ಅಂಥವರಲ್ಲಿ ರೋಗ ಮರಳುವುದು ಬಹುಮಟ್ಟಿಗೆ ಬದುಕಿನ ಆಘಾತಗಳಿಂದ, ಕೊರಕಲಿನಿಂದಲ್ಲ ಎಂಬುದು ಸಂಶೋಧಕರ ವಿವರಣೆ.

ಮಾತ್ರೆಗಳ ಬದಲಿಗೆ ಇದು ಸಾಕೆ? ಬ್ರಿಟನ್ನಿನಲ್ಲಿ 424 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಗತಿಗೆ ಬಂದು ವೈದ್ಯರ ನೆರವಿನಿಂದ ಮಾತ್ರೆ ಇಳಿಸುತ್ತ ಹೋದವರಲ್ಲಿ ಶೇ. 44, ಮಾತ್ರೆ ಮುಂದುವರಿಸಿದವರಲ್ಲಿ ಶೇ. 47 ಮಂದಿಗೆ ಎರಡು ವರ್ಷಗಳಲ್ಲಿ ಖಿನ್ನತೆ ಮರಳಿತು. ಇದು ಮಾತ್ರೆಗಿಂತ ಮೇಲು ಎಂದು ಆ ಅಧ್ಯಯನ ತೋರಿಸಲಿಲ್ಲ. ಅಲ್ಲಿ ಮಾತ್ರೆ ಇಳಿಸುವ ಕ್ರಮ ವೈದ್ಯರ ನೆರವಿನದು, ಥಟ್ಟನೆ ತಾವಾಗಿ ನಿಲ್ಲಿಸುವುದಲ್ಲ ಎಂಬುದನ್ನೂ ಗಮನಿಸಿ.