ಜಿಮ್ನಾಸ್ಟಿಕ್ಸ್ ಅಂಕನಿರ್ಣಯ

ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ ಕ್ಲಿಷ್ಟತೆ ಮತ್ತು ನಿರ್ವಹಣೆಗಳನ್ನು ಪ್ರತ್ಯೇಕವಾಗಿ ಅಳೆದು ಕೂಡಿಸುವ ಪದ್ಧತಿ. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟವು 10 ಅಂಕಗಳ ಹಳೆಯ ಮಿತಿಯನ್ನು ಕೈಬಿಟ್ಟು 2006ರಲ್ಲಿ ಇದನ್ನು ಜಾರಿಗೆ ತಂದಿತು.

ಕ್ಲಿಷ್ಟತಾ ಅಂಕ: 'ಡಿ' ಅಂಕ ಎಂದು ಹೆಸರು. 'ಎ' ದರ್ಜೆಯ ಚಲನೆಗೆ 0.1, 'ಬಿ'ಗೆ 0.2 ಎಂಬಂತೆ ಮೌಲ್ಯ ಏರುತ್ತದೆ. ಕಡ್ಡಾಯ ಅಂಶಗಳನ್ನು ಪೂರೈಸಿದರೆ ಹೆಚ್ಚುವರಿ ಅಂಕ ಉಂಟು. ಓಡಿಬಂದು ಉಪಕರಣದ ಮೇಲೆ ಕೈಯೂರಿ ಜಿಗಿಯುವ ವಾಲ್ಟ್‌ನಲ್ಲಿ ಪ್ರತಿ ಜಿಗಿತಕ್ಕೂ ಮೌಲ್ಯ ಮೊದಲೇ ನಿಗದಿಯಾಗಿರುತ್ತದೆ.

ನಿರ್ವಹಣಾ ಅಂಕ: 'ಇ' ಅಂಕವು 10ರಿಂದ ಆರಂಭವಾಗಿ ಇಳಿಯುತ್ತದೆ. ಸಣ್ಣ ದೋಷಕ್ಕೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ 1 ಅಂಕ ಕಡಿತ. ಮಂಡಿ ಬಾಗುವುದು, ನೆಲಕ್ಕಿಳಿದಾಗ ಹೆಜ್ಜೆ ತಪ್ಪುವುದು ಸಾಮಾನ್ಯ ದೋಷಗಳು.

ಉದಾಹರಣೆ: 2016ರ ರಿಯೊ ಒಲಿಂಪಿಕ್ಸ್ ವಾಲ್ಟ್ ಫೈನಲ್‌ನಲ್ಲಿ ಭಾರತದ ದೀಪಾ ಕರ್ಮಾಕರ್ ಅವರ 'ಪ್ರೊಡುನೊವಾ' ಎಂಬ ಜಿಗಿತಕ್ಕೆ ಕ್ಲಿಷ್ಟತೆ 7.0, ನಿರ್ವಹಣೆ 8.266, ಒಟ್ಟು 15.266 ದೊರೆಯಿತು. ಎರಡು ಜಿಗಿತಗಳ ಸರಾಸರಿ 15.066ರೊಂದಿಗೆ ಅವರು ನಾಲ್ಕನೆಯವರಾದರು.

ಶಾಲಾ ಹಂತ: ಕರ್ನಾಟಕದ ಶಾಲಾ ಕ್ರೀಡಾಕೂಟಗಳ ಏಣಿಯಲ್ಲಿ, ಉದಾಹರಣೆಗೆ, ಗುಂಡ್ಲುಪೇಟೆ ತಾಲ್ಲೂಕಿನ ಮಕ್ಕಳು ಚಾಮರಾಜನಗರ ಜಿಲ್ಲೆ, ಮೈಸೂರು ವಿಭಾಗಗಳನ್ನು ದಾಟಿ ರಾಜ್ಯಮಟ್ಟ ತಲುಪಬೇಕು. ಈ ಏಣಿ ಹತ್ತುವ ಎಳೆಯರಿಗೆ ಅಂಕಗಳ ಲೆಕ್ಕ ತಿಳಿದಿರುವುದು ಅಗತ್ಯ. ಕ್ಲಿಷ್ಟತೆ 3.6 ಇದ್ದು ಒಮ್ಮೆ ಬಿದ್ದು, ಇತರ ದೋಷಗಳಿಗೆ 0.4 ಕಳೆದುಕೊಂಡವರಿಗೆ 12.2 ಸಿಗುತ್ತದೆ, ಕ್ಲಿಷ್ಟತೆ 3.0 ಇದ್ದರೂ ಕಡಿತ 0.5 ಮಾತ್ರವಾದರೆ 12.5. ಆದ್ದರಿಂದ ಕಲಿಕೆಯ ಹಂತದಲ್ಲಿ ಅಚ್ಚುಕಟ್ಟಾದ ಸರಳ ಚಲನೆಯೇ ಹೆಚ್ಚು ಲಾಭಕರ, ಸುರಕ್ಷಿತವೂ ಹೌದು.