ಹಸಿವು ಕಟ್ಟಿದ ಮನೆ

ಡಿಸೆಂಬರಿನ ಮೂರನೆಯ ವಾರ. ಪುಣೆಯ ನಮ್ಮ ಬಾಡಿಗೆ ಮನೆಯ ಅಡುಗೆ ಕಟ್ಟೆಯ ಮೇಲೆ ಒಣಶುಂಠಿ, ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಪುಡಿಯಾಗಿ ಬಿದ್ದಿದ್ದವು. ಮಗಳಿಗೆ ಜಿಂಜರ್‌ಬ್ರೆಡ್ ಮನೆ ಕಟ್ಟಬೇಕಾಗಿತ್ತು. ಶಿರಸಿಯಿಂದ ಬಂದಿದ್ದ ನನ್ನ ಆಯಿ ಒಳಗೆ ಕಾಲಿಡುತ್ತಲೇ ಮೂಗರಳಿಸಿ, "ಎಂಥದಿದು, ಬಾಣಂತಿ ಲೇಹ್ಯದ ವಾಸನೆ ಬರ್ತಾ ಇದೆ?" ಎಂದಳು. ವಿಷಯ ತಿಳಿದ ಮೇಲೆ ಅವಳ ತೀರ್ಪು ಚಿಕ್ಕದಾಗಿತ್ತು. "ತಿನ್ನೋ ವಸ್ತುವಿನಲ್ಲಿ ಮನೆ ಕಟ್ಟೋದೇ? ಹೊಟ್ಟೆ ತುಂಬಿದವರ ಆಟ."

ಆ ಮಾತು ನನ್ನನ್ನು ಚುಚ್ಚಿತು. ಆಯಿಯನ್ನು ತಪ್ಪೆಂದು ತೋರಿಸಬೇಕೆಂಬ ಹಟದಲ್ಲೇ ಈ ಮನೆಯ ಪೂರ್ವಾಪರ ಹುಡುಕಿದೆ ಎಂದರೂ ಸರಿಯೇ.

ಮೊದಲು ಹೆಸರಿನ ಗೊಂದಲ. ಇಂಗ್ಲಿಷಿನ ಜಿಂಜರ್‌ಬ್ರೆಡ್ ಎಂಬ ಪದಕ್ಕೆ ಮೂಲದಲ್ಲಿ ಬ್ರೆಡ್ಡಿನ ಸಂಬಂಧವೇ ಇರಲಿಲ್ಲ. ಹಳೆಯ ಫ್ರೆಂಚಿನಲ್ಲಿ ಸಕ್ಕರೆ ಹಾಕಿ ಕಾಪಿಟ್ಟ ಶುಂಠಿಗೆ ಇದ್ದ ಹೆಸರಿನ ಕೊನೆಯ ಭಾಗ ಇಂಗ್ಲಿಷರ ಕಿವಿಗೆ 'ಬ್ರೆಡ್' ಎಂದು ಕೇಳಿಸಿತು, ಅದೇ ಗಟ್ಟಿಯಾಯಿತು. ಜಿಂಜರ್ ಎಂಬ ಪದ ಇನ್ನೂ ದೂರದಿಂದ ಬಂದದ್ದು. ಲ್ಯಾಟಿನ್, ಗ್ರೀಕ್, ಪಾಲಿಯ 'ಸಿಂಗಿವೇರ', ಹೀಗೆ ಹಿಂದಕ್ಕೆ ಹೋದರೆ ದ್ರಾವಿಡದ 'ಇಂಜಿ ವೇರ್' ಸಿಗುತ್ತದೆ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆ 'ವೇರ್' ನಮ್ಮ 'ಬೇರು'. ಸಂಸ್ಕೃತದ ಶುಂಠಿಯನ್ನು ಮನೆಗೆ ಕರೆದುಕೊಂಡ ನಾವು ಇಂಜಿಯನ್ನು ಮರೆತೆವು. ಅದು ಹಡಗು ಹತ್ತಿ ಲೋಕ ಸುತ್ತಿತು.

ಜರ್ಮನರು ಈ ತಿನಿಸನ್ನು ಲೆಬ್‌ಕೂಖನ್ ಎನ್ನುತ್ತಾರೆ, ಕೆಲವು ಕಡೆ ಫೆಫರ್‌ಕೂಖನ್, ಅಂದರೆ ಮೆಣಸಿನ ಕೇಕು. ಅದರಲ್ಲಿ ಕಾಳುಮೆಣಸು ಇರಲೇಬೇಕೆಂದಿಲ್ಲ. ದೂರದಿಂದ ಬಂದ ಯಾವ ಸಂಬಾರ ಪದಾರ್ಥವಾದರೂ ಅಂದಿನವರಿಗೆ 'ಮೆಣಸೇ'. ಈ ಕಸುಬಿನ ರಾಜಧಾನಿ ನ್ಯೂರೆಂಬರ್ಗ್. 1395ರಷ್ಟು ಹಿಂದೆಯೇ ಅಲ್ಲಿ ಲೆಬ್‌ಕೂಖನ್ ಕಸುಬಿನವನೊಬ್ಬನ ಉಲ್ಲೇಖವಿದೆ. 1643ರಲ್ಲಿ ಅವರದೇ ಪ್ರತ್ಯೇಕ ಸಂಘವಾಯಿತು. ಊರೇ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಸುತ್ತ ಚಕ್ರವರ್ತಿಯ ಕಾಡು, ಕಾಡಿನಲ್ಲಿ ಜೇನು. ಮರದ ಪೊಟರೆಗಳಲ್ಲಿ ಜೇನು ಸಾಕುವವರಿಗೆ 1350ರಲ್ಲಿ ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿ ವಿಶೇಷ ಹಕ್ಕುಗಳನ್ನು ಕೊಟ್ಟಿದ್ದ. ಸಂಬಾರ ವೆನಿಸ್ಸಿನಿಂದ ಬರುತ್ತಿತ್ತು. ಅಲ್ಲಿ ಜರ್ಮನ್ ವರ್ತಕರಿಗೆಂದೇ ಕಾಲುವೆಯ ದಂಡೆಯಲ್ಲಿ ದೊಡ್ಡ ಕಟ್ಟಡವಿತ್ತು. ವೆನಿಸ್ಸಿಗೆ ಅಲೆಕ್ಸಾಂಡ್ರಿಯಾದಿಂದ, ಅಲ್ಲಿಗೆ ಕೆಂಪು ಸಮುದ್ರದಿಂದ, ಅದರಾಚೆ ನಮ್ಮ ಪಶ್ಚಿಮ ಕರಾವಳಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವೆನಿಸ್ಸಿನ ಹಂಗು ಬಿಟ್ಟು ನೇರವಾಗಿ ಬರಬೇಕೆಂದು ದಕ್ಷಿಣ ಜರ್ಮನಿಯ ವರ್ತಕರು 1505ರಲ್ಲಿ ಪೋರ್ಚುಗೀಸರ ನೌಕಾಪಡೆಯಲ್ಲಿ ಹಣ ಹೂಡಿದರು. ಔಗ್ಸ್‌ಬರ್ಗಿನ ವೆಲ್ಸರ್, ಫುಗ್ಗರ್ ಮನೆತನಗಳ ಜೊತೆಗೆ ನ್ಯೂರೆಂಬರ್ಗಿನ ಇಮ್‌ಹೋಫ್ ಮತ್ತು ಹಿರ್ಷ್‌ಫೋಗೆಲ್ ಮನೆತನಗಳೂ ಇದ್ದವು. ವೆಲ್ಸರರ ಕಡೆಯಿಂದ ಬಲ್ತಸಾರ್ ಸ್ಪ್ರಿಂಗರ್ ಎಂಬಾತ ಹಡಗಿನಲ್ಲೇ ಬಂದ. ಅವನ ಪ್ರವಾಸ ಕಥನ 1509ರಲ್ಲಿ ಅಚ್ಚಾಯಿತು. ಫ್ರಾನ್ಸಿಸ್ಕೊ ದ ಅಲ್ಮೇಡಾನ ಆ ಪಡೆ ಭಾರತದಲ್ಲಿ ಮೊದಲು ಲಂಗರು ಹಾಕಿದ್ದು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಅಲ್ಲಿ ಕೋಟೆ ಕಟ್ಟಿ, ಮುಂದೆ ಹೊನ್ನಾವರಕ್ಕೆ ಹೋಗಿ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟಿತು. ಅದೇ ಸೀಮೆಯ ಗೇರುಸೊಪ್ಪೆಯನ್ನು ಆಮೇಲೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಶಿರಸಿಯ ಅಡಿಕೆ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ ಮನೆತನದವಳು ನನ್ನ ಆಯಿ. ನ್ಯೂರೆಂಬರ್ಗಿನ ಕೇಕಿನ ವಾಸನೆ ಅವಳಿಗೆ ಲೇಹ್ಯದಂತೆ ಕಂಡದ್ದರಲ್ಲಿ ಆಶ್ಚರ್ಯವೇನು!

ಆದರೆ ಇದೆಲ್ಲ ಕೇಕಿನ ಕಥೆ, ಮನೆಯದಲ್ಲ. ಮನೆ ಬಂದದ್ದು ಗ್ರಿಮ್ ಸಹೋದರರ ಕಥೆಯಿಂದ. 1812ರಲ್ಲಿ ಅಚ್ಚಾದ ಅವರ ಜನಪದ ಕಥೆಗಳ ಮೊದಲ ಸಂಪುಟದಲ್ಲೇ ಹ್ಯಾನ್ಸೆಲ್ ಮತ್ತು ಗ್ರೇಟೆಲ್ ಇದ್ದಾರೆ. ನಾವೆಲ್ಲ ಚಿತ್ರಪುಸ್ತಕಗಳಲ್ಲಿ ಕಂಡದ್ದು ಜಿಂಜರ್‌ಬ್ರೆಡ್ ಮನೆ. ಗ್ರಿಮ್ ಬರೆದದ್ದು ಅದಲ್ಲ. ಅವರ ಮನೆಯ ಗೋಡೆ ಬರಿಯ ರೊಟ್ಟಿಯದು; ಮಾಡು ಕೇಕಿನದು, ಕಿಟಕಿ ಸಕ್ಕರೆಯದು. ಸಂಬಾರದ ಸುದ್ದಿಯೇ ಇಲ್ಲ. ಯಾಕೆಂದರೆ ಅದು ಹಬ್ಬದ ಕಥೆಯಲ್ಲ. ಮನೆಯಲ್ಲಿ ತಿನ್ನಲು ಇಲ್ಲದ್ದಕ್ಕೆ ಹೆತ್ತವರು ಮಕ್ಕಳನ್ನು ಕಾಡಿನಲ್ಲಿ ಬಿಟ್ಟು ಬಂದ ಕಥೆ. ದಿನಗಟ್ಟಲೆ ಉಪವಾಸವಿದ್ದ ಮಗು ಕನಸು ಕಾಣುವುದು ಲವಂಗವನ್ನಲ್ಲ, ರೊಟ್ಟಿಯನ್ನು.

ಆ ಸಕ್ಕರೆಯ ಕಿಟಕಿಗೂ ಒಂದು ಕಾಲವಿದೆ. ಗ್ರಿಮ್ ಸಹೋದರರು ಆಗ ಇದ್ದ ಕಾಸೆಲ್ ನಗರವನ್ನು ನೆಪೋಲಿಯನ್ನನ ತಮ್ಮ ಜೆರೋಮ್ ಆಳುತ್ತಿದ್ದ. ಯಾಕೋಬ್ ಗ್ರಿಮ್ ಆ ದೊರೆಯ ಗ್ರಂಥಪಾಲಕ. 1806ರ ನವೆಂಬರಿನಲ್ಲಿ ನೆಪೋಲಿಯನ್ ಬ್ರಿಟನ್ನಿನೊಂದಿಗಿನ ವ್ಯಾಪಾರವನ್ನು ನಿಷೇಧಿಸಿದ ಮೇಲೆ ವೆಸ್ಟ್ ಇಂಡೀಸಿನ ಕಬ್ಬಿನ ಸಕ್ಕರೆ ಯುರೋಪಿನಲ್ಲಿ ದುರ್ಲಭವಾಯಿತು. ಬೀಟ್ ಗೆಡ್ಡೆಯಲ್ಲಿ ಸಕ್ಕರೆಯಿದೆ ಎಂದು ಬರ್ಲಿನ್ನಿನ ಮಾರ್ಗ್‌ಗ್ರಾಫ್ 1747ರಲ್ಲೇ ಕಂಡುಹಿಡಿದಿದ್ದ. ಅವನ ಶಿಷ್ಯ ಆಕಾರ್ಡ್ ಕಾರ್ಖಾನೆಯನ್ನೂ ತೆರೆದಿದ್ದ. ಆದರೂ ಬೀಟ್ ಸಕ್ಕರೆ ಬಡವರ ಕೈಗೆಟುಕಲು ದಶಕಗಳೇ ಬೇಕಾದವು. ಅಂಥ ದಿನಗಳಲ್ಲಿ ಕಿಟಕಿಗೆ ಸಕ್ಕರೆ ಕೂರಿಸಿದ ಕಥೆಗಾರ ಬಂಗಾರ ಕೂರಿಸಿದಂತೆಯೇ.

ಇನ್ನೊಂದು ವಿಷಯ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. 1812ರ ಪಾಠದಲ್ಲಿ ಮಕ್ಕಳನ್ನು ಕಾಡಿಗಟ್ಟುವವಳು ಹೆತ್ತ ತಾಯಿಯೇ. 1840ರ ಆವೃತ್ತಿಗೆ ಬರುವಾಗ ಅವಳು ಮಲತಾಯಿಯಾಗಿದ್ದಾಳೆ. ಕಥೆಯನ್ನು ಮಕ್ಕಳ ಕೋಣೆಗೆ ತಕ್ಕಂತೆ ತಿದ್ದಿದರು. ತಿದ್ದಿದ್ದರಿಂದ ಓದುವವರಿಗೆ ನೆಮ್ಮದಿಯಾಯಿತು, ನಿಜ. ಆದರೆ ತಾಯಿಯಿಂದಲೂ ಹಸಿವು ಏನು ಮಾಡಿಸೀತು ಎಂಬ ಭಯಂಕರ ಸತ್ಯ ಮುಚ್ಚಿಹೋಯಿತು. ನನಗೆ ಹಳೆಯ ಪಾಠವೇ ಪ್ರಾಮಾಣಿಕ ಅನಿಸುತ್ತದೆ.

ರೊಟ್ಟಿಯ ಮನೆ ಲೆಬ್‌ಕೂಖನ್ ಮನೆಯಾದದ್ದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಬೇಕರಿಗಳಲ್ಲಿ ಮತ್ತು ಮನೆಗಳಲ್ಲಿ. ಕ್ರಿಸ್ಮಸ್ಸಿನ ಲೆಬ್‌ಕೂಖನ್ ಹಲಗೆಯಂತೆ ಗಟ್ಟಿ, ವಾರಗಟ್ಟಲೆ ಕೆಡದು; ಗೋಡೆಗೆ ಅದಕ್ಕಿಂತ ಒಳ್ಳೆಯ ಸಾಮಾನು ಯಾವುದು? 1893ರ ಡಿಸೆಂಬರ್ 23ರಂದು ವೈಮಾರಿನಲ್ಲಿ ಹಂಪರ್‌ಡಿಂಕ್ ಈ ಕಥೆಯನ್ನು ಒಪೆರಾ ಮಾಡಿ ರಂಗಕ್ಕೇರಿಸಿದ. ಸಾಹಿತ್ಯ ಅವನ ತಂಗಿಯದು. ಅದರಲ್ಲಿ ಮಾಟಗಾತಿಯ ಬೇಲಿಯೇ ಲೆಬ್‌ಕೂಖನ್ ಆಗಿಹೋದ ಮಕ್ಕಳದು. ಅಲ್ಲಿಂದ ಹಸಿವಿನ ಕಥೆಗೂ ಕ್ರಿಸ್ಮಸ್ಸಿಗೂ ಗಂಟು ಬಿತ್ತು. ವಲಸೆ ಹೋದ ಜರ್ಮನರು ಈ ಮನೆಯನ್ನು ಅಮೆರಿಕಕ್ಕೂ ಒಯ್ದರು. ಪರಊರಿಗೆ ಹೋದವರು ಮೊದಲು ಕಟ್ಟಿಕೊಳ್ಳುವುದು ಹಬ್ಬವನ್ನೇ, ಇದು ನಮಗೂ ಗೊತ್ತು. 1969ರಲ್ಲಿ ಶ್ವೇತಭವನಕ್ಕೆ ಅಂಥ ಮನೆ ಕಟ್ಟಿಕೊಟ್ಟ ಬಾಣಸಿಗ ಹಾನ್ಸ್ ರಾಫರ್ಟ್ ಜರ್ಮನಿಯಲ್ಲಿ ಹುಟ್ಟಿದವನು. ನಾರ್ವೆಯ ಬೆರ್ಗೆನ್ ಊರಿನಲ್ಲಂತೂ 1991ರಿಂದ ಮಕ್ಕಳು, ದೊಡ್ಡವರು ಸೇರಿ ಇಡೀ ಪಟ್ಟಣವನ್ನೇ ಕಟ್ಟುತ್ತಾರೆ. 2009ರಲ್ಲಿ ಯಾರೋ ನುಗ್ಗಿ ಅದನ್ನೆಲ್ಲ ಪುಡಿ ಮಾಡಿದರು. ಊರವರು ಮತ್ತೆ ಒಲೆ ಹಚ್ಚಿ ಕಟ್ಟಿದರು.

ನಮ್ಮ ಮನೆಯ ಕಥೆಗೆ ಬರೋಣ. ಜೇನಿನ ಬದಲು ಆಯಿ ತಂದಿದ್ದ ಜೋನಿ ಬೆಲ್ಲ ಹಾಕಿದೆ. ಹಿಟ್ಟನ್ನು ಒಂದು ರಾತ್ರಿ ಬಿಟ್ಟು, ಲಟ್ಟಿಸಿ, ರಟ್ಟಿನ ಅಳತೆಯಿಟ್ಟು ಕೊಯ್ದು ಬೇಯಿಸಿದೆ. ಓವನ್ನಿನಿಂದ ತೆಗೆದ ಬಿಸಿಯಲ್ಲೇ ಅಂಚನ್ನು ಮತ್ತೊಮ್ಮೆ ನೇರ ಮಾಡಬೇಕು, ಆರಿದ ಮೇಲೆ ಮಾಡಹೋದರೆ ಒಡೆಯುತ್ತದೆ. ನನ್ನವು ಎರಡು ಒಡೆದವು. ಗೋಡೆ ಅಂಟಿಸುವುದು ಸಾಮಾನ್ಯವಾಗಿ ಮೊಟ್ಟೆಯ ಬಿಳಿಗೆ ಸಕ್ಕರೆ ಪುಡಿ ಕಲಸಿದ ಗಾರೆಯಿಂದ. "ಮೊಟ್ಟೆಯೋ?" ಎಂದು ಆಯಿ ಹುಬ್ಬೇರಿಸಿದಳು. ಸ್ವೀಡನ್ನಿನಲ್ಲಿ ಕಾಯಿಸಿದ ಸಕ್ಕರೆಯಲ್ಲೇ ಅಂಟಿಸುವುದುಂಟು ಎಂದೆ. ಅಷ್ಟೇ ಸಾಕಾಯಿತು. ನನ್ನ ಕೈಯಿಂದ ಸೌಟು ಕಿತ್ತುಕೊಂಡು ಒಲೆಯ ಮುಂದೆ ನಿಂತಳು. ಬಟ್ಟಲು ನೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಒತ್ತಿ, "ಇನ್ನೂ ಉಂಡೆ ಪಾಕ, ತಡಿ" ಎಂದಳು. ಹನಿ ಗಾಜಿನಂತೆ ಟಕ್ಕನೆ ಮುರಿದಾಗ ಇಳಿಸಿದಳು. ಉಳಿದ ಪಾಕವನ್ನು ತುಪ್ಪ ಸವರಿದ ತಟ್ಟೆಗೆ ತೆಳ್ಳಗೆ ಸುರಿದು ಕಿಟಕಿಗೂ ಗಾಜು ಮಾಡಿದಳು. ಗ್ರಿಮ್ ಹೇಳಿದ ಕಿಟಕಿಯೇ ಅದು; ಬಣ್ಣ ಮಾತ್ರ ಸ್ವಲ್ಪ ಕಂದು. ಪುಣೆಯ ಒಣಹವೆಗೆ ಮನೆ ಗಟ್ಟಿಯಾಗಿ ನಿಂತಿತು. ಮುಂಬಯಿಯ ನನ್ನ ಗೆಳತಿಯ ಮನೆ ಸಮುದ್ರದ ತೇವ ಹೀರಿ ಮೂರೇ ದಿನಕ್ಕೆ ಮಂಡಿಯೂರಿತ್ತು.

ರಾತ್ರಿ ಮಗಳಿಗೆ ಹಳೆಯ ಪಾಠದ ಕಥೆ ಹೇಳಿದೆ, ಹೆತ್ತ ತಾಯಿಯೇ ಇರುವುದನ್ನು. ಆಯಿ ಪಕ್ಕದಲ್ಲಿ ಮಲಗಿ ಕೇಳುತ್ತಿದ್ದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ನನ್ನ ತಮ್ಮನೂ ಕಟ್ಟಿದ್ವಿ" ಎಂದಳು.

1966. ಅವಳಿಗೆ ಹತ್ತು ವರ್ಷ. ದೇಶದಲ್ಲಿ ಬರ, ಹಡಗಿನಲ್ಲಿ ಬರುತ್ತಿದ್ದ ಅಮೆರಿಕದ ಗೋಧಿ, ರೇಶನ್ ಸಾಲು. ತೋಟವಿದ್ದರೂ ಅಡಿಕೆಯನ್ನು ಉಣ್ಣಲಾಗುವುದಿಲ್ಲವಲ್ಲ. ರಾತ್ರಿ ಗಂಜಿ ಕುಡಿದು ಮಲಗಿದ ಇಬ್ಬರೂ ಕತ್ತಲಲ್ಲಿ ಸರದಿಯ ಮೇಲೆ ಮನೆ ಕಟ್ಟುತ್ತಿದ್ದರಂತೆ. ಹಲಸಿನ ಹಪ್ಪಳದ ಮಾಡು. ಕಬ್ಬಿನ ಕಂಬ. ತೊಡೆದೇವಿನ ಪರದೆ. ಗೋಡೆಗೆ ಮಾತ್ರ ತಮ್ಮ ದಿನವೂ ಒಂದೇ ಹೇಳುತ್ತಿದ್ದನಂತೆ: ಬಿಳಿ ಅನ್ನ.

"ಇದನ್ನ ನಂಗೆ ಯಾವತ್ತೂ ಹೇಳಲಿಲ್ವಲ್ಲ ಆಯಿ?" ಎಂದೆ.

"ನೀನು ಕೇಳಲಿಲ್ವಲ್ಲ" ಎಂದು ಮಗ್ಗುಲಾದಳು. ಮಗಳು ಮಾತ್ರ ಬಿಡಲಿಲ್ಲ. "ಅಮ್ಮಮ್ಮ, ಅನ್ನದ ಗೋಡೆ ನಿಲ್ಲತ್ತಾ?"

"ಮುದ್ದೆ ಅನ್ನ ಆದ್ರೆ ನಿಲ್ಲತ್ತೆ" ಎಂದಳು ಆಯಿ. "ನಾಳೆ ನೋಡೋಣ. ಈಗ ಮಲಗು."