ಸಾತನೂರು ಸೀಮೆಯಲ್ಲಿ ಚಿರತೆಯಿಂದ ಜಾನುವಾರು ರಕ್ಷಣೆ

ಸಾತನೂರು ಕನಕಪುರ ತಾಲ್ಲೂಕಿನ ಹೋಬಳಿ ಕೇಂದ್ರ, ಕನಕಪುರ–ಮಳವಳ್ಳಿ ರಸ್ತೆಯಲ್ಲಿದೆ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮ ಇಲ್ಲಿಗೆ ದೂರವಲ್ಲ. ಬಂಡೆಗುಡ್ಡ, ಕುರುಚಲು ಕಾಡಿನ ಈ ಸೀಮೆ ಚಿರತೆಗೆ ಹೇಳಿ ಮಾಡಿಸಿದ ನೆಲೆ. ಅದು ಹೊತ್ತೊಯ್ಯುವುದು ಹೆಚ್ಚಾಗಿ ಕುರಿ, ಮೇಕೆ, ಕರು, ನಾಯಿಗಳನ್ನು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಚಿರತೆಯನ್ನು ಕೊಲ್ಲುವುದು ಅಪರಾಧ. ಹಾಗಾಗಿ ರಕ್ಷಣೆಯ ಕೆಲಸ ಕೊಟ್ಟಿಗೆಯಿಂದಲೇ ಶುರುವಾಗಬೇಕು. ಚಿರತೆ ಮರ ಹತ್ತಬಲ್ಲದು, ಗೋಡೆ ಹಾರಬಲ್ಲದು. ಮೇಲೆ ತೆರೆದಿರುವ ರೊಪ್ಪಕ್ಕೆ ಎಷ್ಟೆತ್ತರ ಮುಳ್ಳುಬೇಲಿ ಹಾಕಿದರೂ ಅರೆರಕ್ಷಣೆಯೇ. ಛಾವಣಿಗೂ ಗಟ್ಟಿ ಕಬ್ಬಿಣದ ಜಾಲರಿ, ಸಂದಿಲ್ಲದ ಬಾಗಿಲು, ಭದ್ರ ಅಗುಳಿ ಬೇಕು. ಒಳನುಗ್ಗಿದ ಚಿರತೆ ಒಂದೇ ರಾತ್ರಿ ಹಲವು ಕುರಿಗಳನ್ನು ಕೊಲ್ಲುವುದುಂಟು. ಕತ್ತಲಾಗುವ ಮೊದಲೇ ಮಂದೆಯನ್ನು ಹಟ್ಟಿಗೆ ಹೊಡೆಯುವುದು, ಕರುಗಳನ್ನು ಬಯಲಲ್ಲಿ ಕಟ್ಟದಿರುವುದು, ಮನೆಯ ಸುತ್ತಲಿನ ಪೊದೆ ಸವರುವುದು ಹಣ ಬೇಡದ ಉಪಾಯಗಳು. ಮಿನುಗುದೀಪ, ಪಟಾಕಿಗಳಿಗೆ ಪ್ರಾಣಿ ಬೇಗ ಒಗ್ಗಿಕೊಳ್ಳುತ್ತದೆ. ಕಾವಲುನಾಯಿ ಬೊಗಳಿ ಎಚ್ಚರಿಸುತ್ತದೆ, ನಿಜ. ಆದರೆ ಹೊರಗೆ ಕಟ್ಟಿಹಾಕಿದರೆ ಅದೇ ಎರೆಯಾಗುತ್ತದೆ.

ಊರವರು ಮೊದಲು ಕೇಳುವುದು ಬೋನನ್ನು. ಆದರೆ ಒಂದು ಚಿರತೆಯನ್ನು ಹಿಡಿದು ದೂರ ಬಿಟ್ಟರೆ ತೆರವಾದ ನೆಲೆಗೆ ಮತ್ತೊಂದು ಬರಬಹುದು. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹೀಗೆ ಸ್ಥಳಾಂತರಿಸಿದ ಬಳಿಕ ಮನುಷ್ಯರ ಮೇಲಿನ ದಾಳಿ ಹೆಚ್ಚಿದ್ದನ್ನು ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಅವರ ತಂಡ ದಾಖಲಿಸಿದೆ.

ಜಾನುವಾರು ಸತ್ತರೆ ಕಳೇಬರ ಕದಲಿಸದೆ ಅರಣ್ಯ ಇಲಾಖೆಗೆ ತಿಳಿಸಬೇಕು. ತಪಾಸಣೆಯ ನಂತರ ಪರಿಹಾರ ಸಿಗುತ್ತದೆ. ಸಿಟ್ಟಿನಲ್ಲಿ ಕಳೇಬರಕ್ಕೆ ವಿಷ ಬೆರೆಸಿದರೆ ಅದನ್ನು ತಿನ್ನುವ ರಣಹದ್ದುಗಳೂ ಸಾಯುತ್ತವೆ. ಇದೇ ಜಿಲ್ಲೆಯ ರಾಮದೇವರ ಬೆಟ್ಟ 2012ರಿಂದ ರಣಹದ್ದುಧಾಮ.